ಸುಂಕಲಮ್ಮನ ಮೂರನೆಯ ನುಡಿ

ನನ್ನ ಆಲ್ಬಮ್‌ನ ಆರು ಹಾಡುಗಳು ಮುಗಿದಿದ್ದವು. ಅವನ್ನು ನಾನೇ ಬರೆದು, ಗಿಟಾರ್ ನುಡಿಸಿ ಹಾಡಿದ್ದೆ. ಆ ಗಿಟಾರ್ ಸಿಕ್ಕಿದ್ದು ವಿರೂಪಾಪುರಗಡ್ಡೆಯಲ್ಲಿ. ಮೊದಲು ಅವ್ವ ಪಾತ್ರೆ ತೊಳೆಯುತ್ತಿದ್ದ ವಸತಿಗೃಹದಲ್ಲಿ ಒಬ್ಬ ಪ್ರವಾಸಿ ನನಗೆ ಬ್ಲೂಸ್ ಸಂಗೀತದ ನಾಲ್ಕು ಪಟ್ಟುಗಳನ್ನು ಕಲಿಸಿ, ಗಿಟಾರನ್ನೂ ಬಿಟ್ಟು ಹೋಗಿದ್ದ. ಏಳನೆಯ ಹಾಡು ಮಾತ್ರ ನನ್ನದಲ್ಲ. ಗದ್ದೆಯಲ್ಲಿ ನೆಲ್ಲಿನ ಸಸಿ ಹಚ್ಚುವಾಗ ಅವ್ವನ ಗುಂಪಿನ ಹೆಂಗಸರು ಹಾಡುವುದು. ಅದಿಲ್ಲದೆ ಆಲ್ಬಮ್ ಹೊರಬರಬಾರದು ಎಂದು ನಿಶ್ಚಯಿಸಿದ್ದೆ. ಉಳಿದ ಆರಕ್ಕೂ ಅದೇ ತಾಯಿ.

ಅದನ್ನು ಮುದ್ರಿಸಿಕೊಳ್ಳಲು ಗದ್ದೆಗೆ ಹೋದ ಮೊದಲ ದಿನವೇ ತಪ್ಪು ಮಾಡಿದೆ. ಆ ಹಾಡಿನಲ್ಲಿ ಒಬ್ಬೊಬ್ಬರದು ಒಂದೊಂದು ನುಡಿ. ಒಬ್ಬಳು ಎತ್ತಿದರೆ ಉಳಿದವರು ದನಿಗೂಡಿಸುತ್ತಾರೆ. ಮೂರನೆಯದು ಸುಂಕಲಮ್ಮನದು. ಆಕೆ ಯುಗಾದಿಯ ಮರುವಾರ ತೀರಿಕೊಂಡಿದ್ದಳು. ಈಗ ಶ್ರಾವಣ. ಅವಳ ನುಡಿ ಬಂದಾಗ ಯಾರೂ ಎತ್ತಲಿಲ್ಲ. ಮರೆತರೇನೋ ಎಂದುಕೊಂಡು, ಬದುವಿನ ಮೇಲೆ ರೆಕಾರ್ಡರ್ ಹಿಡಿದು ಕೂತಿದ್ದ ನಾನೇ ಹಾಡಿಬಿಟ್ಟೆ.

ಇಡೀ ಗುಂಪು ಸೊಂಟ ನೆಟ್ಟಗೆ ಮಾಡಿ ನಿಂತಿತು. ಎಲ್ಲರಿಗಿಂತ ಹಿರಿಯಳಾದ ಗುಲ್ಶನಕ್ಕ ಕೈಯ ಕೆಸರು ಕೊಡವಿದಳು.

“ಎಂ.ಎ. ಮಾಡೀದಿ. ಸುಮ್ನಿರಾದು ಕಲಿಸಿಲ್ಲೇನು ಅಲ್ಲಿ?”

“ತಪ್ಪಾತೇನಕ್ಕ?”

“ಅಕಿ ಹೋಗಿ ವರ್ಷ ತುಂಬಿಲ್ಲ. ತುಂಬೂತನ ಅಕಿ ನುಡಿಗೆ ಯಾರೂ ಬಾಯಿ ಹಾಕಂಗಿಲ್ಲ. ಮೂರು ಸಸಿ ಸುಮ್ನ ಹಚ್ಚತೀವಿ, ಆಮ್ಯಾಲೆ ಮುಂದಿನ ನುಡಿ. ಹಂಗಿದ್ರ ನಮ್ಮ ದನಿ ಒಯ್ಯಿ. ಇಲ್ಲಂದ್ರ ಇಲ್ಲೇ ಅಳಿಸಿ ಹೋಗು.”

ಅವರ ಕಣ್ಣೆದುರೇ ಅಳಿಸಿದೆ. ಮತ್ತೆ ಮೊದಲಿನಿಂದ ಹಿಡಿದೆ. ಈ ಸಲ ಬಾಯಿ ತೆರೆಯಲಿಲ್ಲ.

ಗಂಗಾವತಿಯ ಹಾಲೇಶನ ಸ್ಟುಡಿಯೋದಲ್ಲಿ ಹೆಚ್ಚಾಗಿ ಮದುವೆ ಹಾಡು, ಪ್ರಚಾರದ ಹಾಡು ತಯಾರಾಗುತ್ತವೆ. ಅವನು ಗದ್ದೆಯ ಹಾಡನ್ನು ತಿದ್ದಿ ಕೇಳಿಸಿದ. ಎರಡನೆಯ ನುಡಿಯ ಬೆನ್ನಿಗೇ ನಾಲ್ಕನೆಯದು ಬಂತು.

“ನಡುವ ಹನ್ನೊಂದು ಸೆಕೆಂಡ್ ಖಾಲಿ ಇತ್ತು, ಕತ್ತರಿಸೀನಿ,” ಎಂದ. “ಜನ ಫೋನ್ ಕೆಟ್ಟೈತಿ ಅಂತ ಮುಂದಿನ ಹಾಡಿಗೆ ಹೋಗ್ತಾರ.”

“ವಾಪಸ್ ಹಾಕು.”

“ಹೋಗ್ಲಿ, ಅಲ್ಲೆ ನಿನ್ನ ಗಿಟಾರ್ ಹಾಕೂಣೇನು? ಒಂದ ಅಳೋ ಸ್ವರ. ಭಾಳ ಛಲೋ ಆಕ್ಕೈತಿ.”

ಛಲೋ ಆಗುತ್ತಿತ್ತು. ಯಾವ ಸ್ವರ ಎಂದು ನನ್ನ ಬೆರಳಿಗೆ ಆಗಲೇ ಗೊತ್ತಿತ್ತು. ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದೆ.

“ಬ್ಯಾಡ.”

“ನಾಳೆ ಬಿಡುಗಡೆ ಐತಿ ಮೇಘಾ. ಹಾಳಾದ್ರ ನನ್ನ ಹೆಸರು ಹೇಳಬ್ಯಾಡ.”

“ಹೇಳ್ತೀನಿ. ಮೊದಲನೇ ಹೆಸರ ನಿಂದು.”

ಅವನು ನಗುತ್ತ ಖಾಲಿ ಜಾಗವನ್ನು ಮರಳಿ ತಂದ. ಕೇಳಿದೆ. ಆದರೂ ಏನೋ ಸರಿಯಿರಲಿಲ್ಲ. ಅದು ಸುಣ್ಣ ಬಳಿದ ಗೋಡೆಯಂತಿತ್ತು.

“ಏನ್ ಮಾಡೀದಿ ಇಲ್ಲೆ?”

“ಗದ್ದಲ ತಗದೀನಿ ಅಷ್ಟ. ನೀರು, ಕೆಸರು.”

“ಅದನ್ನೂ ಹಾಕು.”

ಹಾಕಿದ. ಎರಡನೆಯ ನುಡಿ ಮುಗಿಯಿತು. ಒಂದು ಉಸಿರು. ಆಮೇಲೆ ಹನ್ನೆರಡು ಕೈಗಳು ಒಟ್ಟಿಗೆ ಕೆಸರಿಗೆ ಇಳಿದ ಸದ್ದು, ಮತ್ತೊಮ್ಮೆ, ಮಗುದೊಮ್ಮೆ. ಹಾಲೇಶ ಮೌಸ್‌ನಿಂದ ಕೈ ತೆಗೆದ.

ಮರುದಿನ ಬೆಳಿಗ್ಗೆ ಗದ್ದೆಗೆ ಹೋದೆ. ಆ ಹೆಂಗಸರು ಒಪ್ಪಿದ ಮೇಲೆಯೇ ಬಿಡುಗಡೆ ಎಂದು ಹಾಲೇಶನಿಗೆ ಹೇಳಿದ್ದೆ. ಫೋನನ್ನು ಬದುವಿನ ಮೇಲಿಟ್ಟು ಹಾಡು ಹಚ್ಚಿದೆ. ಅವರು ಕೆಲಸ ನಿಲ್ಲಿಸಲಿಲ್ಲ; ತಮ್ಮದೇ ದನಿಗೆ ದನಿ ಸೇರಿಸಿದರು. ಮೂರನೆಯ ನುಡಿಯ ಜಾಗ ಬಂದಾಗ ಫೋನೂ ಗದ್ದೆಯೂ ಒಟ್ಟಿಗೆ ಸುಮ್ಮನಾದವು. ಮೂರು ಸಸಿ ಇಳಿದವು.

ಗುಲ್ಶನಕ್ಕ ತಲೆ ಎತ್ತಲಿಲ್ಲ.

“ಈಗ ಬಿಡು ಊರಮ್ಯಾಲೆ,” ಎಂದಳು. “ಯುಗಾದಿ ಆದಮ್ಯಾಲೆ ಅಕಿ ನುಡಿ ನೀನ ಎತ್ತಕಿಯಂತ. ಬದುವಿನ ಮ್ಯಾಲೆ ಕುಂತು ಅಲ್ಲ ಮತ್ತ, ಕೆಸರಿಗೆ ಇಳದು.”

ಹಾಲೇಶನಿಗೆ ‘ಕಳಿಸು’ ಎಂದು ಬರೆದು, ಚಪ್ಪಲಿ ಬಿಚ್ಚಿದೆ.