ಗುಂಡಮ್ಮನ ಸಹಿ

ಭಾಲ್ಕಿಯ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಖಾನಾವಳಿ. ಹದಿನೆಂಟು ವರ್ಷ ರೊಟ್ಟಿ ಬಡಿದು ಉಳಿಸಿದ್ದನ್ನೆಲ್ಲ ಮಣ್ಣಿಗೇ ಹಾಕಿದವಳು ನಾನು. ಔರಾದಿನಲ್ಲಿ ಒಂದು ಪ್ಲಾಟು ಕೊಂಡು, ಮೊದಲ ಮಳೆಗೇ ಅದು ಕೆರೆಯಾದದ್ದು ನೋಡಿ ಬುದ್ಧಿ ಕಲಿತೆ. ಬೀದರಿನಲ್ಲಿ ಇನ್ನೊಂದು ಕೊಂಡು, ಆರು ವರ್ಷ ಕಾದು ಮಾರಿ, ನಾಲ್ಕು ಕಾಸು ಕಂಡೆ. ಅಂದಿನಿಂದ ನನ್ನ ನಿಯಮ ಒಂದೇ: ಕಾಗದ ನೋಡುವ ಮುಂಚೆ ಪಕ್ಕದ ಮನೆಯಲ್ಲಿ ಚಹಾ ಕುಡಿಯಬೇಕು. ದಲಾಲ ಮುಚ್ಚಿಟ್ಟದ್ದನ್ನು ನೆರೆಯವರು ಸಕ್ಕರೆ ಹಾಕುವಷ್ಟರಲ್ಲಿ ಹೇಳಿಬಿಡುತ್ತಾರೆ.

ಈ ಸಲ ಆ ನಿಯಮವನ್ನೇ ಮುರಿದೆ. ಶಿವರಾಜಪ್ಪನ ಜಾಗ ಊರಂಚಿನ ಹೊಸ ರಸ್ತೆಗೆ ಹತ್ತಿದ್ದು. ಅದನ್ನು ಕೊಳ್ಳಲು ಉದಗೀರದ ಪಾರ್ಟಿ ನಾಳೆಯೇ ಬರುತ್ತದೆ ಎಂದು ದಲಾಲ ಕೈಲಾಶ ತಲೆ ತಿಂದ. ಎರಡು ಲಕ್ಷ ಇಸಾರ, ಅಂದರೆ ಮುಂಗಡ, ಕೊಟ್ಟುಬಿಟ್ಟೆ. ಶುಕ್ರವಾರ ನಾಲ್ಕು ಗಂಟೆಯೊಳಗೆ ನೋಂದಣಿ ಮಾಡಿಸಿಕೊಳ್ಳದಿದ್ದರೆ ಇಸಾರ ಮುಳುಗಿದಂತೆ ಎಂದು ಅವರು ಬರೆದರು, ನಾನು ಸಹಿ ಹಾಕಿದೆ. ಅವಸರವೇ ಅಪಘಾತಕ್ಕೆ ಕಾರಣ ಎಂದು ಬಸ್ಸಿನ ಹಿಂದೆ ಬರೆದದ್ದನ್ನು ದಿನಾ ಓದುವವಳು ನಾನೇ!

ಶುಕ್ರವಾರ ಹನ್ನೆರಡಕ್ಕೆ ಮನಸ್ಸು ತಡೆಯಲಿಲ್ಲ. ಜಾಗದ ಪಕ್ಕದ ಅಬ್ದುಲ ಅಜೀಜರ ಮನೆಗೆ ಹೋಗಿ ಕೂತೆ. ಚಹಾದ ಜೊತೆಗೇ ಅವರ ಪ್ರಶ್ನೆಯೂ ಬಂತು, ಗುಂಡಮ್ಮ ಒಪ್ಪಿದಳೇ ಎಂದು. ಯಾವ ಗುಂಡಮ್ಮ ಎಂದೆ. ಶಿವರಾಜಪ್ಪನ ಅಕ್ಕ, ಭಾತಂಬ್ರಾಕ್ಕೆ ಕೊಟ್ಟವಳು ಎಂದರು. ಜಾಗ ತೀರಿಹೋದ ತಂದೆಯದು. ನನಗೆ ತೋರಿಸಿದ ವಂಶಾವಳಿಯಲ್ಲಿ ಮಗಳ ಹೆಸರೇ ಇರಲಿಲ್ಲ.

ಫೋನ್ ಮಾಡಿದರೆ ಶಿವರಾಜಪ್ಪನಿಗೆ ಅದೊಂದು ವಿಷಯವೇ ಅಲ್ಲ. "ಅಪ್ಪ ತೀರಿದಾಗ ಅಕ್ಕಗ ಸೀರಿ ಉಡಿಸಿ ಉಡಿ ತುಂಬೀನ್ರಿ. ಅಲ್ಲಿಗಿ ಅಕಿ ಪಾಲು ಮುಗೀತು" ಎಂದ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೆಣ್ಣುಮಗಳ ಪಾಲು ಹೀಗೆ ಒಂದು ಸೀರೆಯಲ್ಲಿ ಮುಗಿಯುತ್ತದೆ. ಕೋರ್ಟಿನಲ್ಲಿ ಮುಗಿಯುವುದಿಲ್ಲ. ನಾಳೆ ಅವಳೋ ಅವಳ ಮಕ್ಕಳೋ ದಾವೆ ಹೂಡಿದರೆ ನನ್ನ ದುಡ್ಡಿನಲ್ಲಿ ಮನೆ ಏಳುವುದು ವಕೀಲರದು. ಗುಂಡಮ್ಮ ಬಂದು ಒಪ್ಪಿಗೆಯ ಸಹಿ ಹಾಕಿದರೆ ಮಾತ್ರ ಜಾಗವೂ ಉಳಿಯುತ್ತದೆ, ಇಸಾರವೂ ಉಳಿಯುತ್ತದೆ. ಆಟೋ ಹಿಡಿದು ಭಾತಂಬ್ರಾಕ್ಕೆ ಓಡಿದೆ.

ಗುಂಡಮ್ಮ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಜಾಗವನ್ನು ತಮ್ಮ ಮಾರುತ್ತಿರುವುದು ಅವಳಿಗೆ ಗೊತ್ತೇ ಇರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ, ನನ್ನ ಎರಡು ಲಕ್ಷದ ಸಮೇತ. ಐದು ನಿಮಿಷಕ್ಕೊಮ್ಮೆ ಕೈಲಾಶನ ಫೋನು. ಎರಡೂವರೆ ಆಗಿತ್ತು. ಮೊರ ಕೆಳಗಿಟ್ಟವಳು, ಸಹಿ ಮಾಡದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಒಳಗೆ ಹೋಗಿ ಆಧಾರ್ ಕಾರ್ಡು ತಂದಳು, ಚಪ್ಪಲಿ ಮೆಟ್ಟಿದಳು. ನನಗೆ ಹೋದ ಜೀವ ಬಂದಂತಾಯಿತು.

ಆಟೋ ಹತ್ತುವ ಮುಂಚೆ ನಿಂತಳು. "ಕಾವೇರಿಬಾಯಿ, ನನ್ನ ಬದ್ಲಿ ನೀವಿದ್ದರ ಸಹಿ ಮಾಡ್ತಿದ್ದಿರೇನ್ರಿ?"

ಹೂಂ ಎಂದರೆ ಸಾಕಿತ್ತು. ಬಾಯಿಯ ತನಕ ಬಂದಿತ್ತು ಕೂಡ. ಮದುವೆಯಾದ ಹೊಸತರಲ್ಲಿ ನಾನೂ ತವರುಮನೆಯ ಪಾಲು ಬಿಟ್ಟು ನನ್ನ ಅಣ್ಣನಿಗೆ ನಗುನಗುತ್ತ ಸಹಿ ಮಾಡಿಕೊಟ್ಟಿದ್ದೆ. ಗಂಡ ತೀರಿದ ಮೇಲೆ ಮಗಳನ್ನು ಎತ್ತಿಕೊಂಡು ಅದೇ ಮನೆಗೆ ಹೋದಾಗ, ಎರಡು ಹೊತ್ತು ಉಣ್ಣಿಸಿ, ಯಾವ ಬಸ್ಸಿಗೆ ಹೋಗುತ್ತೀ ಎಂದು ಕೇಳಿದ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

"ಮಾಡೀನಿ," ಎಂದೆ. "ಮಾಡಬಾರ್ದಿತ್ರಿ."

ಗುಂಡಮ್ಮ ಆಧಾರ್ ಕಾರ್ಡನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಚಪ್ಪಲಿ ಬಿಟ್ಟು, ಕಟ್ಟೆಯ ಮೇಲೆ ಹೋಗಿ ಕೂತಳು.

ಫೋನ್ ಮತ್ತೆ ಹೊಡೆದುಕೊಂಡಿತು. ಎತ್ತಲಿಲ್ಲ. ಈಗ ಅವಸರವಿಲ್ಲ, ನಿಧಾನ ಹೋಗಪ್ಪ ಎಂದು ಆಟೋದವನಿಗೆ ಹೇಳಿದೆ. ಎರಡು ಲಕ್ಷ ಹೋಯಿತೆಂದು ಭಾಲ್ಕಿಯ ತನಕ ಅತ್ತೆ. ಆಡಿದ ಮಾತು ವಾಪಸು ತಗೊಳ್ಳಬೇಕೆಂದು ಮಾತ್ರ ಒಮ್ಮೆಯೂ ಅನ್ನಿಸಲಿಲ್ಲ.