ಹುಕ್ಕಾ ತೊಳೆಯುವ ಕೈ

ಮದುವೆಯಾದ ನಾಲ್ಕನೆಯ ದಿನ ನಾನು ಮಾಡಿದ ತಪ್ಪು ಒಂದೇ: ಒಳ್ಳೆಯವನು ಅನ್ನಿಸಿಕೊಳ್ಳಲು ಹೋದದ್ದು. ಮಾವ ತಮ್ಮ ಹುಕ್ಕಾದ ಗಾಜಿನ ಬುಡವನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗಿನ ಕಂದು ಕಲೆ ನೋಡಿ ಮುಖ ಸಿಂಡರಿಸುತ್ತಿದ್ದರು. "ಕೊಡಿ ಮಾವ, ನಾನು ತೊಳೀತೀನಿ" ಅಂದುಬಿಟ್ಟೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಹೊಟ್ಟೆ ಹೊರೆಯುವವನು ನಾನು, ಮಾಸಿದ ಗಾಜು ಕಂಡರೆ ಕೈ ಸುಮ್ಮನಿರುವುದಿಲ್ಲ. ತೊಳೆದು ಕೊಟ್ಟೆ. ಅವರು ಒಂದು ದಮ್ಮು ಎಳೆದು, ಕಣ್ಣು ಮುಚ್ಚಿ, "ಅಡ್ಡಿಯಿಲ್ಲ" ಅಂದರು. ಅವತ್ತು ಕೊರಳಿಗೆ ಬಿದ್ದ ಕೆಲಸ ಒಂಬತ್ತು ವರ್ಷವಾದರೂ ಇಳಿದಿಲ್ಲ.

ನಾನು ಮನೆಅಳಿಯ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಇದ್ದದ್ದನ್ನು ಮುಚ್ಚಿಟ್ಟು ಆಗಬೇಕಾದ್ದೇನು? ಅತ್ತೆ ತೀರಿಕೊಂಡು ಆಗಿನ್ನೂ ಆರು ತಿಂಗಳಾಗಿತ್ತು. "ಒಂದೆರಡು ವರ್ಷ ಇಲ್ಲೇ ಇರೋಣ ರೀ, ಅಪ್ಪ ಸ್ವಲ್ಪ ಸುಧಾರಿಸಿಕೊಳ್ಳಲಿ" ಅಂದಿದ್ದಳು ನನ್ನ ಹೆಂಡತಿ. ಅಪ್ಪ ಸುಧಾರಿಸಿಕೊಂಡು ಎಂಟು ವರ್ಷವಾಯಿತು. ನಾವು ಮಾತ್ರ ಮಹಡಿಯ ಮೇಲಿನ ಆ ಒಂದು ಕೋಣೆಯಲ್ಲೇ ಇದ್ದೇವೆ. ಕೋಣೆ ಅಂದರೆ ತಾರಸಿಗೆ ಹೋಗುವ ದಾರಿ. ಬಟ್ಟೆ ಒಣಹಾಕುವವರು, ನೀರಿನ ಟ್ಯಾಂಕ್ ನೋಡುವವರು, ಸುಮ್ಮನೆ ಗಾಳಿಗೆ ಹೋಗುವವರು, ಎಲ್ಲರೂ ನಮ್ಮ ಮಂಚದ ಕಾಲಬುಡದಲ್ಲೇ ಹಾದು ಹೋಗಬೇಕು. ಬಾಗಿಲಿಗೆ ಚಿಲಕ ಹಾಕಿಸೋಣ ಎಂದು ಒಮ್ಮೆ ಕೇಳಿದ್ದೆ. "ಮನೆಯೊಳಗೆ ಚಿಲಕ ಯಾಕೆ?" ಎಂದು ಮಾವ ಕೇಳಿದರು. ಮದುವೆಯಾದ ಗಂಡಸು ಆ ಪ್ರಶ್ನೆಗೆ ಮಾವನ ಎದುರು ಏನೆಂದು ಉತ್ತರ ಕೊಡಬೇಕು?

ಮಾವ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಹಾಗಾಗಿ ಹುಕ್ಕಾದಲ್ಲೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆಗುವಂತಿಲ್ಲ. ಬೆಳಗ್ಗೆ ಅಂಗಡಿಗೆ ಹೋಗುವ ಮುಂಚೆ ನನ್ನ ಕೆಲಸ ಶುರು. ಮೊದಲು ಕೆಂಡ ಕೂರುವ ಚಿಲುಮೆಯ ಬೂದಿ ಕೊಡವಿ, ಅಂಟಿದ ತಂಬಾಕನ್ನು ಮರದ ಕಡ್ಡಿಯಿಂದ ಕೆರೆಯಬೇಕು. ಬುಡದೊಳಗೆ ಒಂದು ಹಿಡಿ ಹಸಿ ಅಕ್ಕಿ, ಉಪ್ಪು, ಅರ್ಧ ನಿಂಬೆಹಣ್ಣಿನ ರಸ, ಉಗುರುಬೆಚ್ಚಗಿನ ನೀರು ಹಾಕಿ ಗಿರಗಿರ ತಿರುಗಿಸಬೇಕು; ಅಕ್ಕಿ ಒಳಗೆಲ್ಲ ತಿಕ್ಕಿ ಕಲೆ ತೆಗೆಯುತ್ತದೆ. ನೀರು ಕುದಿ ಬಂದಿದ್ದರೆ ಗಾಜು ಫಟ್ಟೆಂದು ಬಿಡುತ್ತದೆ. ನಡುವಿನ ಹಿತ್ತಾಳೆ ಕೊಳವೆಗೆ ಉದ್ದ ಬ್ರಷ್. ಸೇದುವ ನಳಿಕೆ ಚರ್ಮದ್ದು, ಅದಕ್ಕೆ ನೀರು ತಾಗಿಸುವಂತಿಲ್ಲ, ಊದಿ ಊದಿ, ಅಂಗೈಗೆ ಬಡಿದು ಧೂಳು ಕೆಡವಬೇಕು. ಜೋಡಿಸುವಾಗ ರಬ್ಬರ್ ಉಂಗುರವನ್ನು ಒದ್ದೆ ಮಾಡಿಯೇ ಕೂರಿಸಬೇಕು, ಒಣಗಿದ್ದರೆ ಸಂದಿನಲ್ಲಿ ಗಾಳಿ ಎಳೆಯುತ್ತದೆ. ಕೊಳವೆಯ ತುದಿ ನೀರಿನಲ್ಲಿ ಹೆಬ್ಬೆರಳಿನ ಒಂದು ಗಣ್ಣಿನಷ್ಟು ಮಾತ್ರ ಮುಳುಗಬೇಕು. ಕೊನೆಗೆ ಕೊಳವೆಯ ಮೇಲ್ಬಾಯಿಯನ್ನು ಅಂಗೈಯಿಂದ ಮುಚ್ಚಿ ನಳಿಕೆಯಲ್ಲಿ ಎಳೆದು ನೋಡುವುದು. ಒಂದಿಷ್ಟೂ ಗಾಳಿ ಬರಬಾರದು. ಹಾಗೆ ಉಸಿರು ಕಟ್ಟಿದಾಗೆಲ್ಲ ನನಗೆ ನನ್ನ ಕೋಣೆಯೇ ನೆನಪಾಗುತ್ತಿತ್ತು.

ಇಷ್ಟೆಲ್ಲ ಮಾಡಿದ ಮೇಲೆ ಸಿಗುವುದು ಅದೇ "ಅಡ್ಡಿಯಿಲ್ಲ". ಒಂಬತ್ತು ವರ್ಷದಲ್ಲಿ ಅದಕ್ಕಿಂತ ಒಂದು ಅಕ್ಷರ ಹೆಚ್ಚು ಸಿಕ್ಕಿರಲಿಲ್ಲ. ಹೊಗಳಿಕೆ ಬೇಕು ಅಂತ ನಾನೇನು ಬಾಯಿ ಬಿಟ್ಟುಕೊಂಡು ಕೂತಿರಲಿಲ್ಲ. ಕೂತಿದ್ದೆ, ಸುಳ್ಳು ಯಾಕೆ ಹೇಳಲಿ.

ಹೀಗಿರುವಾಗ ಹೋದ ತಿಂಗಳು ನಮ್ಮ ಅಂಗಡಿಯ ಯಜಮಾನರು ಕರೆದು, ರೈಲಿನಲ್ಲಿ ಐದು ಗಂಟೆ ದೂರದ ಊರಿನಲ್ಲಿ ಹೊಸ ಅಂಗಡಿ ತೆರೆಯುತ್ತಿದ್ದೇನೆ, ನೀನೇ ನೋಡಿಕೋ ಅಂದರು. ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ನಾನು ಹೋಗಿ ನೋಡಿ ಬಂದೆ. ಹೆಂಡತಿ ಕೇಳಿದ ಮೊದಲ ಪ್ರಶ್ನೆ, "ಬಾಗಿಲಿಗೆ ಚಿಲಕ ಇದೆಯೇನ್ರೀ?"

"ಎರಡು ಇದೆ. ಮೇಲೊಂದು, ಕೆಳಗೊಂದು."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಅಷ್ಟು ಖುಷಿ ಅವಳ ಮುಖದಲ್ಲಿ ನೋಡಿ ಎಷ್ಟು ಕಾಲವಾಗಿತ್ತೋ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳಿದಳು: "ಅಪ್ಪ ಬಾಯಿ ತುಂಬ ಹೋಗಿ ಬನ್ನಿ ಅನ್ನಬೇಕು. ಅವರನ್ನ ನೋಯಿಸಿ ನಾನು ಹೊಸಿಲು ದಾಟಲ್ಲ."

ಮಾವ ಬೇಡ ಅನ್ನಲಿಲ್ಲ. ಬೇಡ ಅನ್ನುವ ಮನುಷ್ಯನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ನಳಿಕೆಯ ತುದಿ ಒರೆಸಿಕೊಳ್ಳುತ್ತ, "ಹೋಗಿ ಅಳಿಯಂದಿರೇ, ಯಾರು ತಡೀತಾರೆ? ಈ ಹುಕ್ಕಾ ನೋಡ್ಕೊಳ್ಳೋಕೆ ಒಂದು ಕೈ ಸಿಕ್ಕಿದ್ರೆ ಆಯ್ತು" ಅಂದರು.

ಆ ಕೈ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ನನ್ನ ಹೆಂಡತಿಯ ತಮ್ಮ ಮನೆಯಲ್ಲೇ ಇದ್ದಾನೆ, ಮೂವತ್ತೆರಡರ ಗಂಡಸು, ಅಂಚೆ ಕಚೇರಿಯಲ್ಲಿ ಗುಮಾಸ್ತ. ಏನು ಹೇಳಿದರೂ "ನಾಳೆ ಮಾಡ್ತೀನಿ" ಅನ್ನುತ್ತಾನೆಂದು ಮನೆಯಲ್ಲೂ ಬೀದಿಯಲ್ಲೂ ಅವನಿಗೆ ನಾಳೆ ಎಂದೇ ಹೆಸರು. ಅವನನ್ನು ಕೂರಿಸಿಕೊಂಡು ಪಾಠ ಶುರು ಮಾಡಿದೆ. ಮೊದಲ ದಿನ ಅವನು ಬುಡದ ತುಂಬ ನೀರು ಹೊಯ್ದ. ಮಾವ ದಮ್ಮು ಎಳೆದರೆ ಹೊಗೆಯ ಬದಲು ನೀರೇ ಬಾಯಿಗೆ ಬಂತು. ಎರಡನೆಯ ದಿನ ಉಂಗುರವನ್ನು ಒಣಗಿದ್ದೇ ತುರುಕಿದ. ಮೂರನೆಯ ದಿನ ಮಹಾನುಭಾವ ಬೇಗ ಮುಗಿಯಲೆಂದು ಕೊಳವೆಗೆ ಬಟ್ಟೆ ಸೋಪು ಹಾಕಿ, ಸರಿಯಾಗಿ ತೊಳೆಯದೆ ಜೋಡಿಸಿದ. ಹುಕ್ಕಾ ಗುಳುಗುಳು ಅಂದಷ್ಟೂ ಬುಡದಲ್ಲಿ ನೊರೆ ಉಕ್ಕಿ, ಕೆಮ್ಮುತ್ತಿದ್ದ ಮಾವನ ಮೀಸೆಯ ಮೇಲೆ ಗುಳ್ಳೆಗಳು ಕೂತವು. ನನ್ನ ಹೆಂಡತಿ ಅಡುಗೆಮನೆಗೆ ಓಡಿಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಅಲ್ಲೇ ಕೂತು ಅತ್ತಳು. ನಾನು ಸೋಮವಾರದೊಳಗೆ ಯಜಮಾನರಿಗೆ ಉತ್ತರ ಕೊಡಬೇಕಿತ್ತು.

ಉಪಾಯ ಹೇಳಿದವನು ನಾಳೆಯೇ. "ಭಾವ, ಸುಮ್ನೆ ಯಾಕೆ ಒದ್ದಾಡ್ತೀರಿ? ಭಾನುವಾರ ನೀವೇ ತೊಳೆದುಬಿಡಿ, ನಾನೇ ತೊಳೆದಿದ್ದು ಅಂತ ತಗೊಂಡು ಹೋಗಿ ಅಪ್ಪನ ಮುಂದಿಡ್ತೀನಿ. ನೀವು ಹೋದ್ಮೇಲೆ ನನ್ನ ಪಾಡು ನಾನು ನೋಡ್ಕೋತೀನಿ."

ಮೋಸ ಅನ್ನಿಸಿತು. ಆದರೆ ಹೆಂಡತಿ ಆಗಲೇ ಟ್ರಂಕಿಗೆ ಬಟ್ಟೆ ತುಂಬಿ ಆಗಿತ್ತು. "ನೀವು ತೊಳೆದುಕೊಟ್ಟು ಬಾಯಿ ಮುಚ್ಕೊಂಡಿರಿ, ಅಷ್ಟೇ ನಿಮ್ಮ ಕೆಲಸ" ಅಂದಳು.

ಭಾನುವಾರ ಬೆಳಗ್ಗೆ ಹಿತ್ತಲ ನಲ್ಲಿಯ ಹತ್ತಿರ ಕೂತು ತೊಳೆದೆ. ಇದೇ ಕೊನೆಯ ಸಲ ಅನ್ನುವ ಸಂತೋಷಕ್ಕೋ ಏನೋ, ಹಿಂದೆಂದೂ ತೊಳೆಯದ ಹಾಗೆ ತೊಳೆದೆ. ಹಿತ್ತಾಳೆಯನ್ನು ಹುಣಸೆಹಣ್ಣಿನಿಂದ ತಿಕ್ಕಿದೆ. ಬುಡವನ್ನು ಅಂಗಡಿಯಿಂದ ತಂದಿದ್ದ ಕನ್ನಡಕದ ಬಟ್ಟೆಯಿಂದ ಒರೆಸಿದೆ. ಕೊಳವೆಯೊಳಗಿನ ತಿರುವಿನಲ್ಲಿ ವರ್ಷಗಳಿಂದ ಕೂತಿದ್ದ ಒಂದು ಕರಿ ಗಂಟು ಅವತ್ತೇ ಬ್ರಷ್ಷಿಗೆ ಸಿಕ್ಕಿ ಬಂತು. ಗಾಜು ಇದೆಯೋ ಇಲ್ಲವೋ ಅನ್ನುವಷ್ಟು ತಿಳಿಯಾಗಿತ್ತು.

ನಾಳೆ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಅಪ್ಪನ ಮುಂದಿಟ್ಟ. ನಾನೂ ಹೆಂಡತಿಯೂ ಬಾಗಿಲ ಹತ್ತಿರ ನಿಂತೆವು. ಮಾವ ಕೆಂಡ ಸರಿ ಮಾಡಿಕೊಂಡು ಒಂದು ದಮ್ಮು ಎಳೆದರು. ಬಿಟ್ಟರು. ಇನ್ನೊಂದು ಎಳೆದರು. ಕಣ್ಣು ಮುಚ್ಚಲಿಲ್ಲ, ಅರಳಿಸಿದರು.

"ಭೇಷ್!" ಅಂದರು. "ಭೇಷ್ ಕಣೋ! ಎಷ್ಟು ವರ್ಷ ಆಯ್ತೋ ಇಂಥ ದಮ್ಮು ಎಳೆದು!"

ನಾಳೆ ಹಲ್ಲು ಕಿರಿದ. ಹೆಂಡತಿ ನನ್ನ ಮೊಣಕೈ ಹಿಡಿದುಕೊಂಡಳು. ಮಾವ ನಮ್ಮ ಕಡೆ ತಿರುಗಿ, ಮುಖ ತುಂಬ ನಗುತ್ತ, "ಇನ್ನೇನು ಯೋಚನೆ? ಧೈರ್ಯವಾಗಿ ಹೋಗಿ ಬನ್ನಿ ಮಗಳೇ" ಅಂದರು. ಅಲ್ಲಿಗೆ ಮುಗಿದುಹೋಗಿತ್ತು. ಅಲ್ಲಿಗೆ ನಾವು ಹೊರಗೆ ಬಂದಾಗಿತ್ತು. ಆದರೆ ಅವರು ಮಗನ ಬೆನ್ನು ತಟ್ಟಿ ಇನ್ನೊಂದು ಮಾತು ಸೇರಿಸಿದರು: "ಅಳಿಯಂದಿರೂ ಪಾಪ ತೊಳೀತಿದ್ರು, ಇಲ್ಲ ಅನ್ನಲ್ಲ. ಆದ್ರೂ ಮನೆಮಗನ ಕೈ ಬೇರೆ ನೋಡು."

ಮೊಣಕೈ ಮೇಲಿನ ಬೆರಳು ಬಿಗಿಯಾದದ್ದು ಗೊತ್ತಾಯಿತು, ಬೇಡ ರೀ ಅನ್ನುತ್ತಿದ್ದಾಳೆ ಅಂತಲೂ ಗೊತ್ತಾಯಿತು.

"ಅದನ್ನ ತೊಳೆದಿದ್ದು ನಾನು" ಅಂದೆ.

ಮಾವ ನಳಿಕೆಯನ್ನು ಮಡಿಲಲ್ಲಿಟ್ಟುಕೊಂಡರು. "ಏನಂದ್ರಿ?"

"ನಾನೇ ತೊಳೆದಿದ್ದು ಮಾವ. ಇವತ್ತು ನಿನ್ನೆ ಅಲ್ಲ, ಒಂಬತ್ತು ವರ್ಷದಿಂದ ನಾನೇ. ನಿಮ್ಮ ಮಗ ಬರೀ ಎತ್ಕೊಂಡು ಬಂದ. ಅವನು ಈಗಲೂ ಉಂಗುರ ಒಣಗಿದ್ದೇ ಹಾಕ್ತಾನೆ."

ಮಾವ ಸಿಟ್ಟು ಮಾಡಿಕೊಳ್ಳಲಿಲ್ಲ. ಗಡಿಯಾರದ ಚಕ್ರದ ಮುರಿದ ಹಲ್ಲನ್ನು ನೋಡುವ ಹಾಗೆ ನನ್ನನ್ನು ನೋಡಿದರು. "ಅಂದ್ರೆ ಇವನಿಗೆ ಬರಲ್ಲ."

"ಬರಲ್ಲ" ಅಂದೆ. ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆ ಇತ್ತು, ಅದನ್ನು ನೆನೆದರೆ ಈಗಲೂ ಕೆನ್ನೆಗೆ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

"ಮತ್ತೆ ನೀವು ಹೋಗೋದು ಹೇಗೆ ಅಳಿಯಂದಿರೇ?" ಅಂದರು ಮಾವ, ನಿಜವಾಗಿಯೂ ತಿಳಿಯದವರಂತೆ.

ನನ್ನ ಮೊಣಕೈ ಮೇಲೆ ಈಗ ಹೆಂಡತಿಯ ಕೈ ಇರಲಿಲ್ಲ. ನಾನು ಮಹಡಿ ಹತ್ತಿದೆ. ಅವಳು ಟ್ರಂಕಿನಿಂದ ಸೀರೆಗಳನ್ನು ಒಂದೊಂದೇ ತೆಗೆದು ಗೋಡೆಯ ಗೂಡಿನಲ್ಲಿ ಜೋಡಿಸುತ್ತಿದ್ದಳು. ಹೊಸ ಮನೆಯ ಕಿಟಕಿಗೆಂದು ಹೊಲಿದ ಪರದೆಯನ್ನು ಮಾತ್ರ ಬಿಚ್ಚದೆ ಹಾಗೇ ತಳದಲ್ಲಿ ಬಿಟ್ಟಳು. ಬೈದುಬಿಡಲಿ ಎಂದು ಕಾದು ನಿಂತೆ.

"ಆ ಒಂದು ಭೇಷ್ ನಾನು ಹೇಳಿದ್ರೆ ಆಗ್ತಿರ್ಲಿಲ್ವೇನ್ರೀ?" ಅಂದಳು, ತಿರುಗಿ ನೋಡದೆ. "ದಿನಾ ಬೆಳಗ್ಗೆ ಅಡುಗೆಮನೆ ಕಿಟಕೀಲಿ ನಿಂತು ನೀವು ತೊಳೆಯೋದನ್ನ ನೋಡ್ತಿದ್ದೆ. ಒಂದು ದಿನಾನೂ ತಲೆ ಎತ್ತಿ ನೋಡ್ಲಿಲ್ಲ ನೀವು."

ನನ್ನ ಕಣ್ಣು ಯಾವಾಗಲೂ ಗಾಜಿನ ಮೇಲಿರುತ್ತಿತ್ತು. ಅವಳ ಹತ್ತಿರ ಹೋಗಬೇಕೆಂದು ಒಂದು ಹೆಜ್ಜೆ ಇಡುವಷ್ಟರಲ್ಲಿ ನಾಳೆ ಬಕೆಟ್ ಹಿಡಿದುಕೊಂಡು, "ಸ್ವಲ್ಪ ಜಾಗ ಬಿಡಿ ಭಾವ" ಎಂದು ನಮ್ಮಿಬ್ಬರ ನಡುವೆಯೇ ಹಾದು ತಾರಸಿಗೆ ಹೋದ.

ಕೆಳಗಿನಿಂದ ಮಾವನ ದನಿ ಬಂತು. "ಅಳಿಯಂದಿರೇ, ನಾಳೆಯಿಂದ ಇವತ್ತಿನ ಥರಾನೇ ತೊಳೀರಿ. ಇದು ಚೆನ್ನಾಗಿದೆ."

"ಆಗಲಿ ಮಾವ" ಅಂದೆ.