ಗೇಟು ಎತ್ತಿದವರು ಯಾರು

ಶನಿವಾರ ಮಧ್ಯಾಹ್ನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕಣ್ಣು ಕಾಣದವರಿಗಾಗಿ ಸಿನಿಮಾ ಹಾಕುತ್ತಿದ್ದರು. ಪರದೆಯ ಪಕ್ಕ ಸ್ಟೂಲಿನ ಮೇಲೆ ಕೂತು, ಮೈಕು ಹಿಡಿದು, ಮಾತಿಲ್ಲದ ಕಡೆಯಲ್ಲೆಲ್ಲ ಕಂಡದ್ದನ್ನು ಕಂಡ ಹಾಗೆ ಹೇಳುವುದು ಅಕ್ಕನ ಕೆಲಸ. ಮೂರನೆಯ ಸಾಲಿನಲ್ಲಿ ಕೋಲು ಮಡಚಿಟ್ಟು ಕೂರುವ ತಮ್ಮನಿಗೆ ಅಕ್ಕ ಆದವಳು ಈಗ ಇಡೀ ಕೋಣೆಗೇ ಅಕ್ಕ. ನಾಯಕನ ಅಂಗಿಯ ಗುಂಡಿ ಕಿತ್ತುಹೋಗಿದ್ದರೂ ಹೇಳದೆ ಬಿಡುವ ಪೈಕಿ ಅಲ್ಲ.

ಆ ದಿನದ ಸಿನಿಮಾ ರೈಲ್ವೆ ಗೇಟು ಕಾಯುವ ಒಬ್ಬ ಮುದುಕನದು. ರೈಲು ಬರುವ ಮೊದಲೇ ಯಾರೋ ಗೇಟು ಎತ್ತಿ ಒಂದು ಲಾರಿ ನುಚ್ಚುನೂರಾಗಿದೆ. ಎತ್ತಿದವನು ತನ್ನ ಜೊತೆಯವನು ಎಂದು ಮುದುಕ ಉದ್ದಕ್ಕೂ ಸಾಧಿಸುತ್ತಾನೆ. ಆ ಗಳಿಗೆ ಅವನ ನೆನಪಿನಲ್ಲಿ ಮೂರು ಸಲ ಬರುತ್ತದೆ. ಮೊದಲೆರಡು ಸಲ ಹಿಡಿಕೆ ತಿರುಗಿಸುವುದು ಜೊತೆಯವನ ಕೈ. ಮೂರನೆಯ ಸಲ ಮುದುಕನ ಕೈ.

ಅಕ್ಕ ಅದನ್ನು ಕಣ್ಣಾರೆ ಕಂಡಳು. ಕಂಡೂ "ಜೊತೆಯವನು ಹಿಡಿಕೆ ತಿರುಗಿಸ್ತಾನೆ" ಎಂದಳು. ಬೇಕೆಂದು ಹೇಳಿದ ಸುಳ್ಳಲ್ಲ, ಬಾಯಿ ತಾನಾಗಿ ಆಡಿಬಿಟ್ಟಿತು.

"ಅಕ್ಕಾ, ಸ್ವಲ್ಪ ನಿಲ್ಸು" ಎಂದ ತಮ್ಮ. "ಕೀಲಿಗೊಂಚಲು ಸದ್ದಾಯ್ತಲ್ಲ? ಅದು ಮುದುಕನ ಸೊಂಟದ್ದು. ಹಿಂದಿನ ಎರಡು ಸಲ ಗೇಟಿನ ಹತ್ರ ಆ ಸದ್ದು ಇರಲಿಲ್ಲ. ಇವನೇ ಎತ್ತಿದ್ದು. ಇಷ್ಟು ದಿನ ತನಗೆ ತಾನೇ ಸುಳ್ಳು ಹೇಳ್ಕೊಂಡಿದಾನೆ."

"ನೋಡ್ತಿರೋದು ನಾನೋ ನೀನೋ?" ಅಕ್ಕ ಸಿಡುಕಿದಳು.

"ನಮಗೂ ಕೇಳಿಸ್ತಮ್ಮಾ" ಎಂದಳು ಹಿಂದಿನ ಸಾಲಿನ ಬುಟ್ಟಿ ಹೆಣೆಯುವವಳು. "ಇಲ್ಲಿ ಇಪ್ಪತ್ತು ಜನ ಇದೀವಿ. ನಲವತ್ತು ಕಿವಿ ಒಟ್ಟಿಗೆ ಕೆಟ್ಟುಹೋದ್ವಾ?"

ಕೋಣೆ ಗೊಳ್ಳೆಂದಿತು. ಅಕ್ಕ ಮಾತ್ರ ನಗಲಿಲ್ಲ. ಸಿನಿಮಾ ಹಿಂದೆ ಓಡಿಸಿ ಮತ್ತೆ ನೋಡಿದಳು. ಮುದುಕನ ಕೈಯೇ. ಅದರ ಜೊತೆಗೇ ತನ್ನದೇ ಕೈ ಅವಳಿಗೆ ನೆನಪಾಯಿತು.

ಇಪ್ಪತ್ತೆರಡು ವರ್ಷಗಳ ಹಿಂದೆ ಅಕ್ಕ ತಮ್ಮ ಇಬ್ಬರೂ ಒಂದೇ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನಲ್ಲಿ ಪಾಳಿಯ ಮೇಲೆ ಕೂರುತ್ತಿದ್ದರು. ಕರೆಯ ತಂತಿ ಸಿಕ್ಕಿಸುವ ಬೋರ್ಡಿನ ತೂತುಗಳೆಲ್ಲ ತಮ್ಮನ ಬೆರಳಿಗೆ ಬಾಯಿಪಾಠ. ಒಂದು ಸಂಜೆ ವಾರ್ಡಿನಿಂದ ಸರ್ಜನ್ನಿಗೆ ಬಂದ ಕರೆಯನ್ನು ಅಕ್ಕ ಮನೆಗೆ ಹೊರಡುವ ಅವಸರದಲ್ಲಿ ತಪ್ಪು ತೂತಿಗೆ ಸಿಕ್ಕಿಸಿ, ಕುರ್ಚಿಯನ್ನು ತಮ್ಮನಿಗೆ ಬಿಟ್ಟು ಎದ್ದಳು. ಡಾಕ್ಟರು ಬರುವುದು ಒಂದು ಗಂಟೆ ತಡವಾಯಿತು. ರೋಗಿ ಬದುಕಿದ, ಕಾಲು ಹೋಯಿತು. ಯಾರದಾದರೂ ತಲೆದಂಡ ಆಗಲೇಬೇಕಿತ್ತು. ಕಣ್ಣಿಲ್ಲದವನನ್ನು ಬೋರ್ಡಿಗೆ ಕೂರಿಸಿದ್ದೇ ತಪ್ಪು ಎಂದು ಆಸ್ಪತ್ರೆಯ ಸಾಹೇಬರು ತಮ್ಮನನ್ನು ಬ್ಯಾಂಡೇಜು ಸುತ್ತುವ ಕೋಣೆಗೆ ತಳ್ಳಿದರು. ಆಮೇಲೆ ಕಣ್ಣಿಲ್ಲದ ಯಾರೂ ಆ ಬೋರ್ಡು ಮುಟ್ಟಲಿಲ್ಲ. ಅಕ್ಕ ತುಟಿ ಬಿಚ್ಚಲಿಲ್ಲ. ಕೆಲವು ವರ್ಷಗಳಲ್ಲಿ ತಪ್ಪು ತಮ್ಮನದೇ ಎಂದು ಅವಳಿಗೇ ನೆನಪಾಗತೊಡಗಿತು. "ಆಗಿದ್ದಾಯ್ತು, ಮನಸ್ಸಿಗೆ ಹಚ್ಕೋಬೇಡ ಕಣೋ" ಎಂದು ಸಮಾಧಾನ ಬೇರೆ ಹೇಳುತ್ತಿದ್ದಳು, ಪುಣ್ಯಾತ್ಗಿತ್ತಿ!

ಆ ಸಾಹೇಬರೂ ಈಗ ಕಣ್ಣು ಮಂಜಾಗಿ ಮೊದಲನೆಯ ಸಾಲಿನಲ್ಲೇ ಕೂತಿದ್ದರು. ಅವಳು ಬಾಯಿ ಬಿಟ್ಟರೆ ಈ ಸ್ಟೂಲೂ ಹೋದೀತು, ತಮ್ಮನೂ ಕೈಬಿಟ್ಟು ಹೋದಾನು. ಆದರೂ ಮೈಕು ಎತ್ತಿದಳು.

"ಗೇಟು ಎತ್ತಿದ್ದು ಮುದುಕ. ನಾನು ಸುಳ್ಳು ಹೇಳ್ದೆ. ಸಾಹೇಬ್ರೇ, ಅವತ್ತು ಸರ್ಜನ್ ಕರೆ ತಪ್ಪು ಕಡೆ ಸಿಕ್ಸಿದ್ದು ನನ್ನ ತಮ್ಮ ಅಲ್ಲ, ನಾನು. ಎದ್ದು ಹೋಗೋವಾಗ ಸಿಕ್ಸಿ ಹೋದೆ. ಅವನು ಅದನ್ನ ಮುಟ್ಟೂ ಇಲ್ಲ."



"ನಾನಲ್ವಾ?" ತಮ್ಮನ ದನಿ ಸಣ್ಣಗಿತ್ತು. "ಅವತ್ತು ಸಿಕ್ಸಿದ ಹತ್ತಾರು ಕರೆಲಿ ಇದೂ ಒಂದು, ನಾನೇ ಅಂತ ನಂಬ್ಕೊಂಡಿದ್ದೆನಲ್ಲೇ ಅಕ್ಕ. ಅವತ್ತಿಂದ ಮನೆ ಬೀಗ ಹಾಕಿದ್ರೂ ಹತ್ತು ಸಲ ಮುಟ್ಟಿ ನೋಡ್ತೀನಿ. ನನ್ನ ಬೆರಳನ್ನೇ ನಾನು ನಂಬ್ತಿರಲಿಲ್ಲ."

"ತಪ್ಪಾಯ್ತು ಕಣೋ." ಅಕ್ಕ ಮೈಕನ್ನು ಕೆಳಗಿಳಿಸಿದಳು.

"ನಿನ್ನ ಮೇಲಿನ ಸಿಟ್ಟು ಮನೆಗೆ ಹೋದ್ಮೇಲೆ ಇದ್ದೇ ಇದೆ. ಬಡ್ಕೊಂಡ್ರೂ ಬಿಡಲ್ಲ. ಈಗ ಮಾತ್ರ ಸುಮ್ನಿರು, ಇದನ್ನ ಅನುಭವಿಸ್ತೀನಿ" ಎಂದು ತಮ್ಮ ದಡಬಡ ಎದ್ದ. ಕುರ್ಚಿ ಹಿಂದಕ್ಕೆ ಉರುಳಿತು. "ನನ್ನ ಕೈ ತಪ್ಪಿರಲಿಲ್ಲ! ಕೇಳಿಸ್ತಾ ಎಲ್ರಿಗೂ? ನನ್ನ ಕೈ ತಪ್ಪಿರಲಿಲ್ಲ!"

ಕೋಣೆಯ ತುಂಬ ಗದ್ದಲವೆದ್ದಿತು. "ಏನಾಗ್ತಿದೆ? ಹೇಳಮ್ಮಾ, ಹೇಳು!" ಎಂದು ಬುಟ್ಟಿಯವಳು ಕೂಗಿದಳು.

ಅಕ್ಕ ಕಣ್ಣೊರೆಸಿಕೊಂಡು ಮೈಕನ್ನು ಬಾಯಿಗೆ ಹಿಡಿದಳು.

"ನನ್ನ ತಮ್ಮ ಎದ್ದು ನಿಂತಿದಾನೆ. ಎರಡೂ ಕೈ ಮೇಲೆತ್ತಿದಾನೆ. ಹತ್ತೂ ಬೆರಳು ಬಿಚ್ಚಿ ಹಿಡ್ದಿದಾನೆ. ಸಾಹೇಬ್ರು ಕುರ್ಚಿ ತಡವ್ಕೊಂಡು ಅವನ ಹತ್ರ ಬಂದ್ರು, ಈಗ ಕೈ ಮುಗ್ದಿದಾರೆ. ಇವನು ಅವರ ಕೈ ಹಿಡ್ಕೊಂಡ. ನಗ್ತಿದಾನೆ. ಇಷ್ಟು ವರ್ಷದಲ್ಲಿ ಇವನು ಹೀಗೆ ನಕ್ಕಿದ್ದು ನಾನು ನೋಡೇ ಇಲ್ಲ."